ನಗುವುದನ್ನು ಮರೆತ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಅಷ್ಟು ಹೊತ್ತು ಮಾತನಾಡಿದೆವು, ಒಂದು ಸಲವೂ ನೀನು ನಗಲಿಲ್ಲ. ಫೋನಿಟ್ಟಾಗಿನಿಂದ ಅದೇ ನನ್ನನ್ನು ಕೊರೆಯುತ್ತಿದೆ. ನಿನ್ನ ನಗು ನನಗೆ ಗೊತ್ತಿಲ್ಲವೇ? ಸದ್ದು ಹೊರಡುವ ಮೊದಲೇ ಭುಜಗಳು ಕುಲುಕುತ್ತವೆ, ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತೀಯ.

ಶಸ್ತ್ರಚಿಕಿತ್ಸೆ ಆದವನಿಗೆ ನಗು ಎಲ್ಲಿಂದ ಬರಬೇಕು ಎಂದೆ ನೀನು. ನೋವಿದ್ದಾಗಲೇ ಅದು ಬೇಕು ಎನ್ನುತ್ತೇನೆ ನಾನು. ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ 1964ರಲ್ಲಿ ಬೆನ್ನುಮೂಳೆಯ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಹಾಸ್ಯಚಿತ್ರ ನೋಡುತ್ತಾ ಹತ್ತು ನಿಮಿಷ ಮನಸಾರೆ ನಕ್ಕರೆ ಎರಡು ಗಂಟೆಯಾದರೂ ನೋವಿಲ್ಲದ ನಿದ್ದೆ ಬರುತ್ತಿತ್ತು ಎಂದು ಆಮೇಲೆ ಬರೆದರು. ಒಬ್ಬರ ಅನುಭವವನ್ನೇ ನಂಬಿಕೊಂಡು ನಿನಗೆ ಬುದ್ಧಿ ಹೇಳುತ್ತಿಲ್ಲ. ಆಕ್ಸ್‌ಫರ್ಡ್‌ನ ಮನೋವಿಜ್ಞಾನಿ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿಯೇ ನೋಡಿದರು. ಕೆಲವರಿಗೆ ಹಾಸ್ಯದ ವಿಡಿಯೊ, ಕೆಲವರಿಗೆ ಸಪ್ಪೆ ವಿಡಿಯೊ ತೋರಿಸಿ, ತೋಳಿಗೆ ಕೊರೆಯುವ ತಣ್ಣನೆಯ ಪಟ್ಟಿ ಸುತ್ತಿ, ಯಾರು ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆ ಎಂದು ಅಳೆದರು. ಚೆನ್ನಾಗಿ ನಕ್ಕವರ ಸಹನಶಕ್ತಿ ಹೆಚ್ಚಿತ್ತು. ಬಿದ್ದು ಬಿದ್ದು ನಗುವಾಗ ಒಳಗೆಳೆದುಕೊಳ್ಳಲು ಬಿಡುವಿಲ್ಲದಂತೆ ಉಸಿರು ಹೊರಕ್ಕೆ ನುಗ್ಗುತ್ತದೆ, ಪಕ್ಕೆಯ ಸ್ನಾಯುಗಳು ದಣಿಯುತ್ತವೆ. ಆ ದಣಿವಿಗೇ ಮಿದುಳು ಎಂಡಾರ್ಫಿನ್ ಎಂಬ ನೋವುಶಾಮಕವನ್ನು ಬಿಡುಗಡೆ ಮಾಡುತ್ತದೆ ಎಂಬುದು ಅವರ ವಿವರಣೆ. ತುಟಿಯಂಚಿನ ಮುಗುಳ್ನಗೆಗೆ ಆ ಶಕ್ತಿ ಇಲ್ಲ.

ರಕ್ತನಾಳ ಸಡಿಲಗೊಳ್ಳುವುದು, ಮನಸ್ಸಿನ ಒತ್ತಡ ಇಳಿಯುವುದು, ಇವೂ ಇವೆ. ಆದರೆ ನನಗೆ ನಾಟಿದ್ದು ಬೇರೆ ಸಂಗತಿ. ಮನುಷ್ಯ ಒಂಟಿಯಾಗಿರುವಾಗ ನಗುವುದಕ್ಕಿಂತ ಸುಮಾರು 30 ಪಟ್ಟು ಹೆಚ್ಚು ಜೊತೆಯಲ್ಲಿ ಯಾರಾದರೂ ಇದ್ದಾಗ ನಗುತ್ತಾನೆ ಎಂದು ನಗುವನ್ನೇ ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್ ಕಂಡುಕೊಂಡರು. ಅದೂ ದೊಡ್ಡ ಹಾಸ್ಯಕ್ಕಲ್ಲ. ‘ಆಮೇಲೆ ಸಿಗೋಣ’ ಎಂಬಂಥ ಮಾಮೂಲಿ ಮಾತಿಗೆ. ಓದಿದಾಗ ನೀನು ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲ್ ನೋಡುತ್ತಾ ಮಲಗಿರುವ ಚಿತ್ರ ಕಣ್ಮುಂದೆ ಬಂತು. ಯಾರೂ ಬರುವುದು ಬೇಡ ಎಂದು ನೀನೇ ಹೇಳಿ ಕಳಿಸಿದ್ದೀಯಂತೆ. ದಯವಿಟ್ಟು ಹಾಗೆ ಮಾಡಬೇಡ.

ಹೊಲಿಗೆ ಎಳೆಯುತ್ತದೆ ಎಂಬ ನಿನ್ನ ಭಯ ಸುಳ್ಳಲ್ಲ. ಎಷ್ಟು ನಗಬಹುದು ಎಂದು ವೈದ್ಯರನ್ನು ಕೇಳಿಕೋ. ಕೆಮ್ಮು ಬಂದಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲು ಹೇಳಿಕೊಟ್ಟಿದ್ದಾರಲ್ಲ, ನಗು ಬಂದಾಗಲೂ ಹಾಗೆಯೇ ಹಿಡಿದುಕೋ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಬೇಡ ಎನ್ನಬೇಡ. ದಿಂಬು ಕೈಗೆಟುಕುವಂತೆ ಇರಲಿ.

ನಿನ್ನ ಗೆಳೆಯ