ಗ್ರಾನೈಟ್ ಬೇಡ, ಸುಣ್ಣ ಕೊಡಿ: ರಸ್ತೆಬದಿಯ ಕಾವಿ ಗೋಡೆಗಾಗಿ ದೇಣಿಗೆ ಮನವಿ

ಭಕ್ತರಲ್ಲಿ, ಕೇರಿಯ ನಿವಾಸಿಗಳಲ್ಲಿ, ಗೋವಾ, ಮುಂಬೈ, ಬೆಂಗಳೂರಿನಲ್ಲಿ ನೆಲೆಸಿರುವ ಕಾರವಾರದವರಲ್ಲಿ ದೇವಸ್ಥಾನ ಸಮಿತಿಯ ವಿನಂತಿ.

ಕಾರವಾರ ಪೇಟೆಯ ಒಳಗೇರಿಯಲ್ಲಿರುವ ನಮ್ಮ ದೇವಸ್ಥಾನದ ಪಡುವಣ ಗೋಡೆ ನೇರ ರಸ್ತೆಗೇ ಮುಖ ಮಾಡಿ ನಿಂತಿದೆ. ಉದ್ದ 40 ಅಡಿ, ಎತ್ತರ 8 ಅಡಿ. ಒಳಗೆ ಬಂದು ಕೈಮುಗಿಯುವವರಿಗಿಂತ ಈ ಗೋಡೆಯ ಪಕ್ಕದಲ್ಲಿ ನಡೆದು ಹೋಗುವವರೇ ಹೆಚ್ಚು: ಮೀನು ಮಾರುಕಟ್ಟೆಗೆ ಹೊರಟವರು, ಶಾಲೆಯ ಮಕ್ಕಳು, ಆಟೋದವರು, ಬಸ್ಸಿಗೆ ಓಡುವವರು. ಅವರಿಗೆಲ್ಲ ಟಿಕೆಟ್ಟಿಲ್ಲದೆ, ಚಪ್ಪಲಿ ಕಳಚದೆ ಕಾಣುವ ಚಿತ್ರಶಾಲೆ ಇದು. ಬಿಳಿ ಸುಣ್ಣದ ಮೈಮೇಲೆ ಕೆಂಪು ಕಾವಿಯಲ್ಲಿ ಕೊರೆದ ಗಜಲಕ್ಷ್ಮಿ, ಗಂಡಭೇರುಂಡ, ಮದ್ದಳೆ ಬಾರಿಸುವವರ ಸಾಲು, ಕೆಳಗೆ ಗೋಡೆಯುದ್ದಕ್ಕೂ ಹೂಬಳ್ಳಿಯ ಅಂಚು. 320 ಚದರ ಅಡಿಯಲ್ಲಿ ಈಗ ಉಳಿದಿರುವುದು 190. ಉಳಿದ 130 ಚದರ ಅಡಿ ಉದುರಿಹೋಗಿ ಒಳಗಿನ ಚಿರೇಕಲ್ಲು (ಜಂಬಿಟ್ಟಿಗೆ) ಕಾಣುತ್ತಿದೆ.

ಗೋಡೆಗೆ ಗ್ರಾನೈಟ್ ಹೊದಿಸಿಕೊಡುತ್ತೇವೆ, ಟೈಲ್ಸ್ ಹಾಕಿಸುತ್ತೇವೆ ಎಂದು ಹಲವರು ಪ್ರೀತಿಯಿಂದ ಮುಂದೆ ಬಂದಿದ್ದಾರೆ. ಅವರ ಭಕ್ತಿಗೆ ನಾವು ಋಣಿಗಳು. ಆದರೆ ಆ ಕೊಡುಗೆಯನ್ನು ಸ್ವೀಕರಿಸಲಾರೆವು. ಗ್ರಾನೈಟ್ ಕೂರಿಸಬೇಕಾದರೆ ಉಳಿದ 190 ಚದರ ಅಡಿಯನ್ನೂ ಕೆತ್ತಿ ತೆಗೆದು ಸಿಮೆಂಟು ಬಳಿಯಬೇಕು. ಹಾಗೆ ಹೋದ ಚಿತ್ರ ಯಾವ ದುಡ್ಡಿಗೂ ಮರಳಿ ಬಾರದು.

ಕಾವಿ ಕಲೆ ಗೋವೆಯಿಂದ ನಮ್ಮ ಕರಾವಳಿಯವರೆಗೆ ಹಬ್ಬಿದ ಗೋಡೆಗೆಲಸ. ಘಟ್ಟದ ಮೇಲೆ ನೋಡಬೇಕೆಂದರೆ ಶಿರಸಿಯ ಮಾರಿಕಾಂಬಾ ದೇವಸ್ಥಾನದ ಅಂಗಳದ ಗೋಡೆಗಳನ್ನು ನೋಡಿ. ಹೊನ್ನಾವರದ ಕೃಷ್ಣಾನಂದ ಕಾಮತರು ಈ ಕಲೆಯನ್ನು ಅಕ್ಕರೆಯಿಂದ ದಾಖಲಿಸಿದವರು. ಇದನ್ನು ಪೇಂಟಿಂಗ್ ಎಂದು ತಿಳಿದವರು ಬಹಳ. ಎಲ್ಲ ತಪ್ಪು ರಿಪೇರಿಗೂ ಮೂಲ ಅದೇ. ಇಲ್ಲಿ ಕುಂಚಕ್ಕೆ ಕೆಲಸ ಕಡಿಮೆ. ಬಿಳಿ ಗಾರೆಯ ಮೇಲೆ ಕೆಮ್ಮಣ್ಣು, ಅಂದರೆ ಹುರಮಂಜು, ಬೆರೆಸಿದ ಸುಣ್ಣದ ತೆಳು ಪದರ ಬಳಿದು, ಅದು ಹಸಿಯಾಗಿರುವಾಗಲೇ ಉಕ್ಕಿನ ಕಂಟದಿಂದ ಕೊರೆದು ಕೆಳಗಿನ ಬಿಳುಪನ್ನು ಹೊರಗೆ ತರುತ್ತಾರೆ. ಚಿತ್ರದ ಬಿಳಿ ಭಾಗವೆಲ್ಲ ಕೆರೆದು ತೆಗೆದದ್ದು, ಕೆಂಪು ಭಾಗವೆಲ್ಲ ಬಿಟ್ಟದ್ದು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಕಟ್ಟಿಹಾಕುತ್ತದೆ. ಆದ್ದರಿಂದಲೇ ಮಳೆ ಹೊಡೆದರೂ ಕಾವಿ ತೊಳೆದುಹೋಗುವುದಿಲ್ಲ. ಊರಿನ ಕಾಂಪೌಂಡ್ ಗೋಡೆಗಳ ಮೇಲಿನ ಅಕ್ರಿಲಿಕ್ ಚಿತ್ರಗಳು ಸಿಪ್ಪೆಯಾಗಿ ಏಳುವುದನ್ನು ಎಲ್ಲರೂ ಕಂಡಿದ್ದೇವೆ. ಅಲ್ಲಿ ಬಣ್ಣ ಗೋಡೆಯ ಮೇಲಿದೆ, ಇಲ್ಲಿ ಗೋಡೆಯ ಒಳಗಿದೆ.

ಹಾಗಿದ್ದರೆ ಉದುರಿದ್ದೇಕೆ? ಮೇಲಿಂದ ಬಿದ್ದ ಮಳೆಗಿಂತ ಕೆಳಗಿಂದ ಏರಿದ ನೀರೇ ಇದಕ್ಕೆ ಹೆಚ್ಚು ಕಾರಣ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ 14 ಇಂಚು ಎದ್ದಿದೆ, ಗೋಡೆಯ ಬುಡ ಹೊಂಡದಲ್ಲಿ ಕೂತಿದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಬುಡಕ್ಕೆ ನೀರು ನಿಂತರೆ ಚಿರೇಕಲ್ಲು ಬತ್ತಿಯ ಹಾಗೆ ಹೀರುತ್ತದೆ. ಹಿಂದೊಮ್ಮೆ ಕೆಳಗಿನ ಮೂರು ಅಡಿಗೆ ಸಿಮೆಂಟ್ ಗಿಲಾವು ಮಾಡಲಾಯಿತು. ಆಗ ಅದು ಗಟ್ಟಿ ಕೆಲಸ ಅನ್ನಿಸಿತ್ತು. ಸಿಮೆಂಟು ತೇವವನ್ನು ಹೊರಗೆ ಬಿಡದ ಕಾರಣ ನೀರು ಅದರ ಹಿಂದೆಯೇ ಮೇಲಕ್ಕೇರಿ, ಸಿಮೆಂಟು ಮುಗಿಯುವಲ್ಲಿ, ಸರಿಯಾಗಿ ಮದ್ದಳೆಯವರ ಸಾಲಿನಲ್ಲಿ, ಹೊರಬಿತ್ತು. ನೀರಿನೊಂದಿಗೆ ಉಪ್ಪೂ ಬಂತು. ಕಡಲೂರಿನಲ್ಲಿ ಉಪ್ಪು ಗಾಳಿಯಲ್ಲೂ ಇದೆ, ಮಣ್ಣಿನಲ್ಲೂ ಇದೆ. ತೊಯ್ದಾಗ ಕರಗುವ ಉಪ್ಪು ಒಣಗಿದಾಗ ಹರಳುಗಟ್ಟಿ ಉಬ್ಬುತ್ತದೆ, ಗಾರೆಯನ್ನು ಒಳಗಿನಿಂದಲೇ ಹಿಟ್ಟು ಮಾಡುತ್ತದೆ. ಗಜಲಕ್ಷ್ಮಿಯ ಎಡಗಡೆಯ ಆನೆಯ ಮೇಲೆ ಯಾವುದೋ ಹಬ್ಬಕ್ಕೆ ಬಳಿದ ಆಯಿಲ್ ಪೇಂಟ್ ಕೂಡ ಇದೇ ಕೆಲಸ ಮಾಡಿದೆ.

ಆದ್ದರಿಂದ ಮೊದಲ ಖರ್ಚು ಚಿತ್ರಕ್ಕಲ್ಲ, ಚರಂಡಿಗೆ. ನಗರಸಭೆಯ ಅನುಮತಿ ಪಡೆದ ಮೇಲೆ ಗೋಡೆಯಿಂದ ಒಂದು ಅಡಿ ಬಿಟ್ಟು, 18 ಇಂಚು ಅಗಲದ ಕಾಲುವೆ ತೋಡಿ ಜಲ್ಲಿ ತುಂಬುತ್ತೇವೆ. 40 ಅಡಿ ಉದ್ದಕ್ಕೆ ಕನಿಷ್ಠ 5 ಇಂಚು ಇಳಿಜಾರು ಬೇಕು. ಅದಕ್ಕಿಂತ ಕಡಿಮೆಯಾದರೆ ಹೂಳು ನಿಂತು ಎರಡೇ ಮಳೆಗಾಲಕ್ಕೆ ಕಟ್ಟುತ್ತದೆ. ಮೇಲೆ ಹೆಂಚಿನ ಸೂರನ್ನು ಎರಡೂವರೆ ಅಡಿ ಮುಂದಕ್ಕೆ ಚಾಚಬೇಕು. ಬುಡದ ಸಿಮೆಂಟನ್ನು ಉಳಿ, ಸಣ್ಣ ಸುತ್ತಿಗೆಯಿಂದ ಕೈಯಲ್ಲೇ ಬಿಡಿಸಬೇಕು. ಬ್ರೇಕರ್ ಯಂತ್ರ ಇಟ್ಟರೆ ಅದರ ನಡುಕಕ್ಕೆ ಮೇಲಿನ ಚಿತ್ರ ಕಳಚಿ ಬೀಳುತ್ತದೆ.

ಆಮೇಲೆ ಉಪ್ಪು ತೆಗೆಯುವುದು. ಹತ್ತಿ ಕಾಗದದ ತಿರುಳನ್ನು ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ ಇಂಚು ದಪ್ಪಕ್ಕೆ ಗೋಡೆಗೆ ಮೆತ್ತುತ್ತಾರೆ. ಒಣಗುತ್ತ ಒಣಗುತ್ತ ಅದು ಉಪ್ಪನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ತೆಗೆದ ತಿರುಳನ್ನು ಮತ್ತೆ ಭಟ್ಟಿ ನೀರಲ್ಲಿ ಕದಡಿ ಮೀಟರಿನಿಂದ ವಿದ್ಯುತ್ ವಾಹಕತೆ ನೋಡಿದರೆ ಎಷ್ಟು ಉಪ್ಪು ಬಂತೆಂದು ತಿಳಿಯುತ್ತದೆ. ಅಂಕಿ ಇಳಿದು ನಿಲ್ಲುವವರೆಗೆ ಮೂರು ನಾಲ್ಕು ಸಲ ಮೆತ್ತಬೇಕು. ಕಾವಿ ಕೈಗೆ ಹತ್ತುವಷ್ಟು ಸಡಿಲವಾದ ಕಡೆ ಇದನ್ನು ಹಾಗೇ ಮೆತ್ತುವಂತಿಲ್ಲ, ಮೊದಲು ಸುಣ್ಣದ ತಿಳಿನೀರು ಕುಡಿಸಿ ಬಿಗಿ ಮಾಡಬೇಕು. ಒಂದು ಲೀಟರ್ ತಿಳಿಯಲ್ಲಿ ಕರಗಿರುವ ಸುಣ್ಣ 2 ಗ್ರಾಮಿಗೂ ಕಡಿಮೆ. ಹಾಗಾಗಿ 30-40 ಸಲ ಸಿಂಪಡಿಸದೆ ಗುಣ ಕಾಣದು. ಟೊಳ್ಳು ಬಿದ್ದ ಕಡೆ, ಬೆರಳಿನಿಂದ ತಟ್ಟಿದರೆ ಡಬ್ ಎನ್ನುವಲ್ಲಿ, ತೆಳು ಸುಣ್ಣದ ಗಾರೆಯನ್ನು ಸಿರಿಂಜಿನಿಂದ ತುಂಬುತ್ತಾರೆ. ಆಯಿಲ್ ಪೇಂಟಿಗೆ ಆಸಿಡ್ ಬಳಸುವುದಿಲ್ಲ, ಅದು ಪೇಂಟಿಗಿಂತ ಮೊದಲು ಸುಣ್ಣವನ್ನೇ ತಿನ್ನುತ್ತದೆ. ತಂತಿ ಬ್ರಶ್ಶೂ ಬೇಡ. ತೆಳು ಅಲಗಿನಿಂದ, ದಿನಕ್ಕೆ ಅಂಗೈಯಗಲದಷ್ಟು.

ಹೊಸ ಗಾರೆಗೆ ಬೇಕಾದ ಸುಣ್ಣ ಚಿಪ್ಪಿನದೇ ಆಗಬೇಕು. ಅಂಗಡಿಯ ಪೊಟ್ಟಣದ ಪುಡಿ ಗಾಳಿ ತಾಗಿ ಅರ್ಧ ಸತ್ತಿರುತ್ತದೆ. ಗಂಗಾವಳಿ, ಅಘನಾಶಿನಿ ಅಳಿವೆಗಳ ಬಳಚಿನ ಚಿಪ್ಪು ನಮಗೆ ಹತ್ತಿರದ್ದೇ. ಲೆಕ್ಕದಲ್ಲಿ 100 ಕೆ.ಜಿ. ಚಿಪ್ಪು ಸುಟ್ಟರೆ 56 ಕೆ.ಜಿ. ಸುಣ್ಣ ಬರಬೇಕು, ಗೂಡಿನಲ್ಲಿ 45 ಸಿಕ್ಕರೆ ಪುಣ್ಯ. ನಮ್ಮ ಕೆಲಸಕ್ಕೆ ಸುಮಾರು 150 ಲೀಟರ್ ಅರಳಿದ ಸುಣ್ಣ ಬೇಕು, ಅದಕ್ಕೆ 180 ಕೆ.ಜಿ. ಚಿಪ್ಪು. ಅರಳಿಸುವಾಗ ನೀರಿಗೆ ಸುಣ್ಣ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಕಣ್ಣಿಗೆ ಸಿಡಿಯುತ್ತದೆ. ಆಮೇಲೆ ಹೊಂಡದಲ್ಲಿ, ಮೇಲೆ ಯಾವಾಗಲೂ ನಾಲ್ಕು ಬೆರಳು ನೀರು ನಿಂತಿರುವಂತೆ, ಕನಿಷ್ಠ ಮೂರು ತಿಂಗಳು ಕೊಳೆಯಬೇಕು. ಅವಸರ ಮಾಡಿದರೆ ಅರಳದೆ ಉಳಿದ ಕಾಳುಗಳು ಗೋಡೆಯ ಮೇಲೆ ಅರಳಿ ಸಿಡುಬಿನ ಕಲೆ ಮಾಡುತ್ತವೆ.

ಈ ಮನವಿಯನ್ನು ಮಳೆಗಾಲದ ಮೊದಲೇ ಕಳಿಸುತ್ತಿರುವುದು ಅದಕ್ಕೇ. ಸುಣ್ಣ ಈಗ ಹೊಂಡಕ್ಕೆ ಬಿದ್ದರೆ ದೀಪಾವಳಿಗೆ ಹದವಾಗುತ್ತದೆ. ಗೋಡೆ ಮಳೆಯ ತೇವ ಬಿಡಲು ಮತ್ತೆರಡು ತಿಂಗಳು. ಡಿಸೆಂಬರಿನಿಂದ ಫೆಬ್ರವರಿ ಮಧ್ಯದವರೆಗೆ ಮಾತ್ರ ಗಾರೆ ಹಾಕುವ ಕಾಲ. ಮಾರ್ಚ್ ಬಿಸಿಲಿಗೆ ಗಾರೆ ಬೇಗ ಒಣಗಿ ಬಿರಿಯುತ್ತದೆ. ಈ ವರ್ಷ ತಪ್ಪಿದರೆ ಗೋಡೆ ಇನ್ನೊಂದು ಪೂರ್ತಿ ಮಳೆಗಾಲ ತಿನ್ನಬೇಕು.

ಒಂದು ಭಾಗ ಸುಣ್ಣಕ್ಕೆ ಮೂರು ಭಾಗ ಸಿಹಿನೀರಿನಲ್ಲಿ ತೊಳೆದ ಹೊಳೆಮರಳು, ಬೆಲ್ಲದ ನೀರು ಹಾಕಿ ಎರಡು ವಾರ ಹುಳಿಯಲು ಬಿಟ್ಟು, ಒನಕೆಯಿಂದ ಕುಟ್ಟಿದ ಗಾರೆ ತಳಕ್ಕೆ. ಅದರ ಮೇಲೆ ಸುಣ್ಣ, ಮರಳು ಸಮಪಾಲಿನ ನಯವಾದ ಬಿಳಿ ಪದರ 5 ಮಿಲಿಮೀಟರ್. ಕೊನೆಗೆ ಕಾವಿ, 2 ಮಿಲಿಮೀಟರ್. ಹುರಮಂಜು ಹೆಚ್ಚಾದರೆ ಬಣ್ಣ ಗಾಢವಾಗುತ್ತದೆ, ಆದರೆ ಹಿಡಿಯುವಷ್ಟು ಸುಣ್ಣವಿಲ್ಲದೆ ಪುಡಿಯಾಗಿ ಉದುರುತ್ತದೆ. ಹೊಳೆಗಲ್ಲಿನಿಂದ ಉಜ್ಜಿ ನುಣುಪು ಮಾಡಿ, ಕೈವಾರ, ನೂಲು ಹಿಡಿದು ಗೆರೆ ಹಾಕಿ, ಅದೇ ದಿನ ಕೊರೆದು ಮುಗಿಸಬೇಕು. ಇಬ್ಬರು ಕುಶಲಕರ್ಮಿಗಳು ದಿನಕ್ಕೆ 6 ಚದರ ಅಡಿಗಿಂತ ಹೆಚ್ಚು ಮಾಡಲಾರರು, ಮಾಡಬಾರದು. ಆಮೇಲೆ ಹಲವು ದಿನ ಒದ್ದೆ ಗೋಣಿಯ ತಂಪು.

ಉದುರಿದ ಕಡೆ ಏನು ಕೊರೆಯಬೇಕೆಂಬುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಹೂಬಳ್ಳಿಯ ಅಂಚು ಒಂದೇ ಅಳತೆಯಲ್ಲಿ ಮರುಕಳಿಸುತ್ತದೆ. ಚಕ್ರಾಕಾರದ ಚಿತ್ತಾರಗಳ ನಟ್ಟನಡುವೆ ಕೈವಾರದ ಮೊನೆ ಊರಿದ ಚುಕ್ಕಿಗಳು ತಳದ ಗಾರೆಯಲ್ಲಿ ಇನ್ನೂ ಇವೆ. ಹೀಗೆ ಸಾಕ್ಷಿ ಇರುವುದು ಸುಮಾರು 70 ಚದರ ಅಡಿಗೆ. ಅಷ್ಟನ್ನು ಮಾತ್ರ ಮತ್ತೆ ಕೊರೆಸುತ್ತೇವೆ. ಮೂವರು ಮದ್ದಳೆಯವರ ಮುಖ ಪೂರ್ತಿ ಹೋಗಿದೆ, ಹಳೆಯ ಫೋಟೋ ಸಿಕ್ಕಿಲ್ಲ. ಅಲ್ಲಿ ಊಹೆಯ ಮುಖ ಬರೆಸುವುದಿಲ್ಲ, ಬರಿಯ ಬಿಳಿ ಗಾರೆ ಇರುತ್ತದೆ. ಕೆಲವರಿಗೆ ಇದು ಅರೆಬರೆ ಅನ್ನಿಸಬಹುದು. ಇನ್ನೊಬ್ಬರ ಕೈಗೆಲಸದ ನಡುವೆ ನಮ್ಮದನ್ನು ತುರುಕಿ ಹಳೆಯದೆಂದು ತೋರಿಸುವುದು ನಮಗೆ ಒಪ್ಪಿಗೆಯಿಲ್ಲ. ನಿಮ್ಮ ಮನೆಯ ಮದುವೆ, ಮುಂಜಿ, ಜಾತ್ರೆಯ ಫೋಟೋಗಳ ಹಿನ್ನೆಲೆಯಲ್ಲಿ ಈ ಗೋಡೆ ಇದ್ದರೆ ದಯವಿಟ್ಟು ತಂದು ತೋರಿಸಿ. ಪ್ರತಿ ತೆಗೆದು ಮೂಲವನ್ನು ಅಲ್ಲೇ ಮರಳಿಸುತ್ತೇವೆ. ಅಂಥ ಒಂದು ಫೋಟೋ ಸಾವಿರ ರೂಪಾಯಿಯ ದೇಣಿಗೆಗಿಂತ ದೊಡ್ಡದು.

ಒಟ್ಟು ಅಂದಾಜು 4,10,000 ರೂಪಾಯಿ. ಇಬ್ಬರು ಕುಶಲಕರ್ಮಿಗಳು ಮತ್ತು ಇಬ್ಬರು ಸಹಾಯಕರ 45 ದಿನಗಳ ಕೂಲಿ 1,98,000, ಸೂರು 74,000, ಚರಂಡಿ 62,000, ಸುಣ್ಣ, ಮರಳು, ಬೆಲ್ಲ, ಹುರಮಂಜು 24,000, ಉಪ್ಪು ಮತ್ತು ಪೇಂಟ್ ತೆಗೆಯುವ ಸಾಮಗ್ರಿ 21,000, ಅಟ್ಟಣಿಗೆ, ನೆರಳಿನ ಪರದೆ 18,000, ಕೆಲಸಕ್ಕೆ ಮೊದಲು ಗೋಡೆಯ ಪೂರ್ಣ ಅಳತೆಯ ನಕಲು ಮತ್ತು ಛಾಯಾಚಿತ್ರ 13,000. ಕೈಯಲ್ಲಿ 95,000 ಇದೆ, ಇನ್ನು 3,15,000 ಕೂಡಬೇಕು. 1,400 ರೂಪಾಯಿ ಕೊಟ್ಟರೆ ಒಬ್ಬ ಕುಶಲಕರ್ಮಿಯ ಒಂದು ದಿನ ನಿಮ್ಮದು. 800 ಕೊಟ್ಟರೆ ಸಹಾಯಕನ ಒಂದು ದಿನ. ಕೂಲಿಯ ಪಾಲೇ ದೊಡ್ಡದೆಂದು ಯಾರೂ ಹುಬ್ಬೇರಿಸಬೇಡಿ. ಈ ಕೆಲಸ ಬಲ್ಲ ಕೈಗಳು ಈಗ ಬಹಳ ಕಡಿಮೆ. ಸಹಾಯಕರಿಬ್ಬರೂ ಸ್ಥಳೀಯ ಯುವಕರೇ ಆಗಿರಬೇಕು, ಕೆಲಸ ಕಲಿಯಬೇಕು ಎಂಬುದನ್ನು ಒಪ್ಪಂದದಲ್ಲೇ ಸೇರಿಸಿದ್ದೇವೆ.

ಗೋಡೆಯ ದುಡ್ಡನ್ನು ಹುಂಡಿಗೆ ಹಾಕಬೇಡಿ, ಅದು ನಿತ್ಯ ಪೂಜೆಯ ಲೆಕ್ಕಕ್ಕೆ ಹೋಗುತ್ತದೆ. ದೇವಸ್ಥಾನದ ಕಚೇರಿಯಲ್ಲಿ ಬೆಳಿಗ್ಗೆ 8ರಿಂದ 12ರವರೆಗೆ ‘ಕಾವಿ ಗೋಡೆ’ ಎಂದು ಬರೆಸಿ ರಸೀದಿ ಪಡೆಯಿರಿ. ದೂರದವರು ಕಚೇರಿಯಲ್ಲಿ ವಿಚಾರಿಸಿಯೇ ಖಾತೆಗೆ ಹಾಕಿ; ವಾಟ್ಸ್ಆ್ಯಪ್‌ನಲ್ಲಿ ಸುತ್ತಿ ಬಂದ ನಂಬರಿಗೆ, ಕ್ಯೂಆರ್ ಕೋಡಿಗೆ ಹಣ ಕಳಿಸಬೇಡಿ. ನಮ್ಮ ಸಮಿತಿಗೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಇಲ್ಲ, ಮೊದಲೇ ತಿಳಿದಿರಲಿ. ಜಮಾ ಖರ್ಚು ಪ್ರತಿ ಹುಣ್ಣಿಮೆಗೆ ಹೊರಗಿನ ಬೋರ್ಡಿನಲ್ಲಿ ಹಚ್ಚುತ್ತೇವೆ. ದಾನಿಗಳ ಹೆಸರು ಕಚೇರಿಯ ಒಳಗಿನ ಹಲಗೆಯ ಮೇಲೆ ಇರುತ್ತದೆ. ಗೋಡೆಗೆ ಅಮೃತಶಿಲೆಯ ಫಲಕ ಹೊಡೆಯುವುದಿಲ್ಲ, ದಾನ ಎಷ್ಟೇ ದೊಡ್ಡದಿರಲಿ.

ಈ ಮಳೆಗಾಲಕ್ಕೆ ಗೋಡೆಗೆ ಜಡಿತಟ್ಟಿ, ಅಂದರೆ ಎರಚಲು ತಡೆಯುವ ಮಡಲಿನ ತಟ್ಟಿ, ಕಟ್ಟಬೇಕು. ಹೆಣೆದ ತೆಂಗಿನ ಮಡಲು ಇರುವವರು ಮಿರ್ಗದ (ಮೃಗಶಿರ) ಮಳೆ ಹಿಡಿಯುವ ಮೊದಲು ಮುಟ್ಟಿಸಿ. ತಟ್ಟಿಗೂ ಗೋಡೆಗೂ ನಡುವೆ ಗೇಣು ಜಾಗ ಬಿಡುತ್ತೇವೆ, ಪ್ಲಾಸ್ಟಿಕ್ ತಾಡಪತ್ರಿ ಮಾತ್ರ ಬೇಡ, ಒಳಗೆ ಬೆವರುತ್ತದೆ. ಚಿಪ್ಪು ಕೊಡುವವರು ಸಿಹಿನೀರಿನಲ್ಲಿ ಮೂರು ಸಲ ತೊಳೆದು, ಮಾಂಸ, ಮರಳು ಉಳಿಯದಂತೆ ಒಣಗಿಸಿ, ಗೋಣಿಚೀಲದಲ್ಲಿ ತುಂಬಿ ತನ್ನಿ. ಕಚೇರಿಯ ಹಿಂಬದಿಯಲ್ಲಿ ತೂಕದ ಕಾಟಾ ಇಟ್ಟಿದ್ದೇವೆ, ಚಿಪ್ಪಿಗೂ ಕೆ.ಜಿ. ಲೆಕ್ಕದಲ್ಲಿ ರಸೀದಿ ಸಿಗುತ್ತದೆ.