ಎಮ್ಮೆಗೆ ಹಾಕುವ ಬರೆ: ಸಿನಿಮಾ ಮತ್ತು ಮನೆಯ ಇಂಟರ್ನೆಟ್

ಮಾನ್ಯ ಸಂಪಾದಕರೇ,

ಸಿನಿಮಾ ಕ್ಲೈಮ್ಯಾಕ್ಸ್‌ಗೆ ಬಂದ ಹೊತ್ತಿಗೆ ಸರಿಯಾಗಿ ಟಿವಿ ಪರದೆಯ ನಡುವೆ ಚಕ್ರ ತಿರುಗತೊಡಗಿದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ, 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪ್ಲಾನನ್ನು 300ಕ್ಕೆ ಏರಿಸುವುದು. ಬಿಲ್ ಏರುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇದಕ್ಕೇ. ಇಂಟರ್ನೆಟ್ ಪ್ಲಾನುಗಳ ಜಾಹೀರಾತೂ ಓಟಿಟಿ ಸಿನಿಮಾಗಳ ವಿಮರ್ಶೆಯೂ ಪತ್ರಿಕೆಯಲ್ಲಿ ಅಕ್ಕಪಕ್ಕದ ಪುಟಗಳಲ್ಲೇ ಬರುತ್ತವೆ. ಎರಡನ್ನೂ ಜೋಡಿಸುವ ಲೆಕ್ಕ ಮಾತ್ರ ಎಲ್ಲೂ ಸಿಗುವುದಿಲ್ಲ. ಅದನ್ನು ಇಲ್ಲಿ ಕೊಡುತ್ತಿದ್ದೇನೆ.

ನೆಟ್‌ಫ್ಲಿಕ್ಸ್ ತನ್ನ ಗ್ರಾಹಕರಿಗೆ ಕೊಡುವ ಸಲಹೆಯ ಪ್ರಕಾರ 1080ಪಿ (ಫುಲ್ ಎಚ್‌ಡಿ) ಚಿತ್ರಕ್ಕೆ 5 ಎಂಬಿಪಿಎಸ್ ಸಾಕು, ಅದರ ನಾಲ್ಕು ಪಟ್ಟು ಚುಕ್ಕೆಗಳಿರುವ 4ಕೆ ಚಿತ್ರಕ್ಕೆ 15 ಸಾಕು. ಒಂದೇ ಮನೆಯಲ್ಲಿ ಮೂರು ಟಿವಿಗಳು ಏಕಕಾಲಕ್ಕೆ 4ಕೆ ಸಿನಿಮಾ ಹಾಕಿದರೂ ಬೇಕಾಗುವುದು 45. ಅಂದರೆ 100ರ ಪ್ಲಾನಿನಲ್ಲೇ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಡೇಟಾ ಮಿತಿ ಇರುವ ಪ್ಲಾನಿನವರು ವೇಗಕ್ಕಿಂತ ಗಾತ್ರವನ್ನು ನೋಡಬೇಕು: 15 ಎಂಬಿಪಿಎಸ್‌ನಲ್ಲಿ ಎರಡು ಗಂಟೆಯ ಸಿನಿಮಾ ಸುಮಾರು 13.5 ಜಿಬಿ ನುಂಗುತ್ತದೆ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಬಿಡಬಹುದು. ಪ್ಲಾನಿನ ಅಂಕಿ ಬಿಟ್‌ಗಳಲ್ಲಿರುತ್ತದೆ, ಡೌನ್‌ಲೋಡ್ ತೋರಿಸುವ ತಂತ್ರಾಂಶ ಬೈಟ್‌ಗಳಲ್ಲಿ ಹೇಳುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ 12 ಎಂಬಿ ಬರುತ್ತಿದ್ದರೆ ಅದು ಮೋಸವಲ್ಲ, ಪೂರ್ತಿ ವೇಗವೇ.

ಹಾಗಿದ್ದರೆ ಸಿನಿಮಾ ನಿಲ್ಲುವುದೇಕೆ? ಉತ್ತರಕ್ಕೆ ಸ್ಪೀಡ್ ಟೆಸ್ಟ್ ಓಡಿಸಿ ವೇಗದ ಮೂರು ಅಳತೆ ಬೇಕು, ಮೂರನ್ನೂ ಸಂಜೆಯ ದಟ್ಟಣೆಯ ಹೊತ್ತಿನಲ್ಲೇ ತೆಗೆದುಕೊಳ್ಳಬೇಕು. ಮೊದಲನೆಯದು ಲ್ಯಾಪ್‌ಟಾಪನ್ನು ನೆಟ್‌ವರ್ಕ್ ಕೇಬಲ್‌ನಿಂದ ನೇರ ರೂಟರಿಗೆ ಸಿಕ್ಕಿಸಿ. ಎರಡನೆಯದು ರೂಟರಿನಿಂದ ಎರಡು ಮೀಟರ್ ದೂರದಲ್ಲಿ ವೈಫೈ ಮೇಲೆ. ಮೂರನೆಯದು ಟಿವಿಯ ಮುಂದೆ, ಅದೇ ಲ್ಯಾಪ್‌ಟಾಪಿನಲ್ಲಿ. ಮೊದಲ ಅಳತೆಯೇ ಕಡಿಮೆ ಬಂದರೆ ಲೈನ್ ಅಥವಾ ಸೇವಾದಾರರದ್ದು ತಪ್ಪು. ದೂರು ಕೊಡಿ, ಆ ಅಂಕಿಯನ್ನೇ ಸಾಕ್ಷಿಯಾಗಿ ಕೊಡಿ. ಎರಡನೆಯದು ಬಿದ್ದರೆ ರೂಟರ್ ಹಳೆಯದಾಗಿದೆ, ಇಲ್ಲವೇ ಅದರ ಸೆಟ್ಟಿಂಗ್ ಸರಿಯಿಲ್ಲ. ಮೊದಲೆರಡು ಚೆನ್ನಾಗಿದ್ದು ಮೂರನೆಯದು ಪಾತಾಳಕ್ಕಿಳಿದರೆ ಅಪರಾಧಿ ನಡುವಿನ ಗೋಡೆ. ಹೆಚ್ಚಿನ ಮನೆಗಳಲ್ಲಿ ಸಿಕ್ಕಿಬೀಳುವುದು ಈ ಗೋಡೆಯೇ. ಗೋಡೆಗೆ ಯಾವ ಪ್ಲಾನೂ ಗೊತ್ತಿಲ್ಲ.

ಸ್ಪೀಡ್ ಟೆಸ್ಟ್ ಬಗ್ಗೆ ಒಂದು ಎಚ್ಚರಿಕೆ. ಬಹಳಷ್ಟು ಪರೀಕ್ಷೆಗಳು ಹತ್ತಿರದ ಸರ್ವರನ್ನು ತಾವೇ ಆರಿಸಿಕೊಳ್ಳುತ್ತವೆ, ಅದು ಎಷ್ಟೋ ಸಲ ಸೇವಾದಾರರ ಜಾಲದ ಒಳಗೇ ಇರುತ್ತದೆ. ಮನೆಯ ಅಂಗಳದಲ್ಲೇ ಓಡಿ ಗೆದ್ದ ಹಾಗೆ. ದೂರದ ಬೇರೆ ಸರ್ವರನ್ನು ಕೈಯಾರೆ ಆರಿಸಿ ಇನ್ನೊಮ್ಮೆ ನೋಡಬೇಕು. ಫಾಸ್ಟ್ ಡಾಟ್ ಕಾಮ್ ಎಂಬ ಪರೀಕ್ಷೆ ನೆಟ್‌ಫ್ಲಿಕ್ಸ್‌ನದೇ. ಅದು ಅಳೆಯುವುದು ಸಿನಿಮಾ ಹರಿದು ಬರುವ ಆ ಕಂಪನಿಯ ಸರ್ವರುಗಳಿಂದಲೇ. ಒಂದು ಆ್ಯಪ್ ಸಲೀಸಾಗಿ ಓಡುತ್ತ ಇನ್ನೊಂದು ಮುಗ್ಗರಿಸುತ್ತಿದ್ದರೆ ಮನೆಯೊಳಗೆ ಹುಡುಕುವುದು ವ್ಯರ್ಥ. ಒಂದೊಂದು ಓಟಿಟಿಯ ಸರ್ವರುಗಳು ಒಂದೊಂದು ಕಡೆ, ಅಲ್ಲಿಂದ ಬರುವ ದಾರಿಯೂ ಬೇರೆ ಬೇರೆ.

ಈಗ ಗೋಡೆಯ ವಿಷಯ. ವೈಫೈ ಸಾಮಾನ್ಯವಾಗಿ ಎರಡು ತರಂಗಪಟ್ಟಿಗಳಲ್ಲಿ ಹರಡುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಅಲ್ಲಿ ಜನಜಂಗುಳಿ. ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದರೆ 1, 6, 11 ಈ ಮೂರೇ. ಅಕ್ಕಪಕ್ಕದ ಮನೆಗಳ ರೂಟರುಗಳು, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಪಟ್ಟಿಯಲ್ಲಿ ಕೂಗುತ್ತಿರುತ್ತವೆ. ‘ಸ್ವಲ್ಪ ಜಾಗ ಸಿಗಲಿ’ ಎಂದು 3 ಅಥವಾ 4ನೇ ಚಾನೆಲ್ ಹಾಕುವವರು ಎರಡೂ ಕಡೆಯ ಗಲಾಟೆ ಕೇಳಿಸಿಕೊಳ್ಳುತ್ತಾರೆ ಅಷ್ಟೇ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ, ವೇಗವೂ ಹೆಚ್ಚು, ಗೋಡೆ ಎದುರಾದರೆ ಮಾತ್ರ ಸೋಲುತ್ತದೆ. ಕಾಂಕ್ರೀಟ್ ಗೋಡೆ, ಕನ್ನಡಿ, ಕಬ್ಬಿಣದ ಬೀರು, ನೀರಿನ ತೊಟ್ಟಿ ಇವೆಲ್ಲ ಅದಕ್ಕೆ ಶತ್ರುಗಳು. ರೂಟರನ್ನು ಅಂದಕ್ಕೆಂದು ಬೀರುವಿನೊಳಗೆ ಬಚ್ಚಿಡುವುದು, ಟಿವಿಯ ಲೋಹದ ಬೆನ್ನಿಗೆ ಒರಗಿಸುವುದು ಎರಡೂ ಬೇಡ. ಎದೆಯೆತ್ತರದಲ್ಲಿ, ತೆರೆದ ಜಾಗದಲ್ಲಿ, ಆದಷ್ಟು ಮನೆಯ ನಡುಮಧ್ಯ ಇರಲಿ.

ಎರಡೂ ಪಟ್ಟಿಗಳಿಗೆ ಒಂದೇ ಹೆಸರಿಟ್ಟಿದ್ದರೆ ಕೆಲವು ಟಿವಿಗಳು 2.4ಕ್ಕೆ ಅಂಟಿಕೊಂಡು ಕೂರುತ್ತವೆ. ರೂಟರಿನ ಸೆಟ್ಟಿಂಗ್‌ನಲ್ಲಿ 5ಕ್ಕೆ ಬೇರೆ ಹೆಸರು ಕೊಟ್ಟು, ಟಿವಿಯನ್ನು ಅದಕ್ಕೆ ಜೋಡಿಸಿ, ಹಳೆಯ ಹೆಸರನ್ನು ಟಿವಿಯಿಂದ ಅಳಿಸಿಬಿಡಿ. ಆಮೇಲೆ ಫೋನಿನ ವೈಫೈ ಅನಲೈಸರ್ ಆ್ಯಪ್‌ನಿಂದ ಟಿವಿಯ ಪಕ್ಕ ಸಿಗ್ನಲ್ ನೋಡಿ. ಅದರ ಬಲವನ್ನು ಡಿಬಿಎಂನಲ್ಲಿ ಹೇಳುತ್ತಾರೆ, ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು: ಮೈನಸ್ 50 ಸೊಗಸು, ಮೈನಸ್ 67ರವರೆಗೆ ಸಿನಿಮಾಕ್ಕೆ ತೊಂದರೆಯಿಲ್ಲ, ಮೈನಸ್ 75 ದಾಟಿದರೆ ಚಕ್ರ ಖಾತ್ರಿ. ರೂಟರಿನ ಯುಎಸ್‌ಬಿ 3.0 ಕಿಂಡಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಅದರಿಂದಲೇ ಸಿನಿಮಾ ನೋಡುವವರು ಇನ್ನೊಂದನ್ನು ಗಮನಿಸಬೇಕು: ಯುಎಸ್‌ಬಿ 3.0 ಸಂಪರ್ಕದಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ. ಚೆನ್ನಾಗಿ ಹೊದಿಕೆಯಿರುವ ಕೇಬಲ್ ಬಳಸಿ ಡಿಸ್ಕನ್ನು ಆಂಟೆನಾಗಳಿಂದ ದೂರ ಇಟ್ಟರೆ ಇದು ಬಹುಮಟ್ಟಿಗೆ ತಗ್ಗುತ್ತದೆ.

ರಿಪೀಟರ್ ಎಂಬ ಪುಟ್ಟ ಡಬ್ಬಿಯನ್ನು ಜನ ಸಿಗ್ನಲ್ ಸಿಗದ ಕೋಣೆಯಲ್ಲೇ ಸಿಕ್ಕಿಸುತ್ತಾರೆ. ಅದಕ್ಕೇ ಕೇಳಿಸದ್ದನ್ನು ಅದು ಇನ್ನೊಬ್ಬರಿಗೆ ಹೇಗೆ ಹೇಳೀತು? ರೂಟರಿಗೂ ಆ ಕೋಣೆಗೂ ನಡುವೆ ಅದರ ಜಾಗ. ಅಲ್ಲಿಟ್ಟರೂ ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವ ಡಬ್ಬಿಯಾದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸಾಧ್ಯವಿದ್ದಲ್ಲಿ ತಂತಿಯೇ ಲೇಸು. ಕ್ಯಾಟ್5ಇ ಎಂಬ ದರ್ಜೆಯ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ವೇಗ ಒಯ್ಯುತ್ತದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಹಾಗಾಗಿ ದೊಡ್ಡ ಪ್ಲಾನಿದ್ದೂ ವೇಗ 94–95ಕ್ಕೆ ಬಂದು ನಿಂತಿದ್ದರೆ ಮೊದಲು ಅನುಮಾನಿಸಬೇಕಾದದ್ದು ತುದಿಯ ಪ್ಲಗ್‌ನಲ್ಲಿ ಸರಿಯಾಗಿ ಕೂರದ ಒಂದು ತಂತಿಯನ್ನು. ಟಿವಿಗಳ ಕೇಬಲ್ ಕಿಂಡಿ ಬಹುಪಾಲು 100 ಎಂಬಿಪಿಎಸ್‌ನದೇ ಆಗಿರುತ್ತದೆ, ಅಲ್ಲಿ ಈ ಅಂಕಿ ಕಂಡರೆ ಗಾಬರಿ ಬೇಡ. ಓಟಿಟಿ ಸಿನಿಮಾಕ್ಕೆ ಅಷ್ಟು ಬೇಕಾದಷ್ಟಾಯಿತು.

ಫೈಬರ್ ಮನೆಗೆ ಬಂದಿರುವವರು ಇನ್ನೊಂದು ಅಂಕಿಯನ್ನು ತಿಳಿದಿರಬೇಕು. ಫೈಬರ್ ಬಂದು ಸೇರುವ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಒಳಬರುವ ಬೆಳಕಿನ ಬಲ ಡಿಬಿಎಂನಲ್ಲಿ ಕಾಣುತ್ತದೆ. ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಸಾಮಾನ್ಯ ಜಿಪಾನ್ ಸಂಪರ್ಕದಲ್ಲಿ ಅದು ಮೈನಸ್ 27ಕ್ಕಿಂತ ಕೆಳಗಿಳಿಯಬಾರದು. ಮೈನಸ್ 20ರ ಆಸುಪಾಸು ನೆಮ್ಮದಿಯ ಮಟ್ಟ. ಕಿಟಕಿಯ ಸಂದಿಯಲ್ಲಿ ಮಡಚಿದ ತಂತಿ, ಧೂಳು ಕೂತ ತುದಿ, ಹಸಿರು ಕನೆಕ್ಟರಿಗೆ ನೀಲಿ ಕನೆಕ್ಟರ್ ಸೇರಿಸಿದ ಜೋಡಣೆ ಈ ಬಲವನ್ನು ಕದಿಯುತ್ತವೆ. ಹಸಿರಿನ ತುದಿ 8 ಡಿಗ್ರಿ ಓರೆ, ನೀಲಿಯದು ನೇರ, ಎರಡೂ ಕೂಡಲಾರವು. ಕಳಚಿದ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವ ಜಾತಿಯದಲ್ಲ.

ಅಪ್‌ಲೋಡ್ ಯಾರ ಗಮನಕ್ಕೂ ಬಾರದ ಕಳ್ಳ. ಮನೆಯವರ ಫೋನುಗಳು ವೈಫೈಗೆ ಸೇರಿದ ಕೂಡಲೇ ದಿನದ ಫೋಟೋ, ವಿಡಿಯೋಗಳನ್ನೆಲ್ಲ ಕ್ಲೌಡ್‌ಗೆ ಏರಿಸಲು ಶುರುಮಾಡುತ್ತವೆ. ಏರುವ ದಾರಿ ತುಂಬಿಕೊಂಡಾಗ ಟಿವಿ ಕಳಿಸುವ ‘ಮುಂದಿನ ತುಣುಕು ಕೊಡು’ ಎಂಬ ಕೋರಿಕೆಯೂ ಸರತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಡೌನ್‌ಲೋಡ್ ವೇಗ ಇದ್ದೂ ಸಿನಿಮಾ ನಿಲ್ಲುವುದು ಹೀಗೆ. ಒಂದು ಕಡೆ ಪಿಂಗ್ (ಕೋರಿಕೆ ಹೋಗಿ ಉತ್ತರ ಬರಲು ಹಿಡಿಯುವ ಸಮಯದ ಅಳತೆ) ಓಡಿಸುತ್ತ ಇನ್ನೊಂದು ಕಡೆ ದೊಡ್ಡ ಫೈಲನ್ನು ಅಪ್‌ಲೋಡ್ ಮಾಡಿ ನೋಡಿ. 20 ಮಿಲಿಸೆಕೆಂಡ್ ಇದ್ದದ್ದು 300–400ಕ್ಕೆ ಜಿಗಿದರೆ ರೋಗ ಇದೇ. ಈ ಸರತಿ ಬೆಳೆಯದಂತೆ ನೋಡಿಕೊಳ್ಳುವ ಎಸ್‌ಕ್ಯೂಎಂ ಸೌಲಭ್ಯ ಇರುವ ರೂಟರಾದರೆ ಅದನ್ನು ಚಾಲೂ ಮಾಡಿ, ಅಳೆದ ವೇಗದ 90ರಿಂದ 95 ಶೇಕಡಾಕ್ಕೆ ಮಿತಿ ಹಾಕಿ. ಇಲ್ಲದಿದ್ದರೆ ಬ್ಯಾಕಪ್ ಮಧ್ಯರಾತ್ರಿಯ ಮೇಲೆ ನಡೆಯುವಂತೆ ಇಡುವುದೇ ಸುಲಭ.

ಇಷ್ಟಾದರೂ ಚಿತ್ರ ಚೆನ್ನಾಗಿಲ್ಲ ಎನ್ನುವವರಿದ್ದಾರೆ, ಅವರ ದೂರು ಸುಳ್ಳಲ್ಲ. 4ಕೆ ಎಂದರೆ 3840 ಅಡ್ಡ, 2160 ಉದ್ದ, ಸುಮಾರು 83 ಲಕ್ಷ ಚುಕ್ಕೆ. ಒಂದೊಂದು ಚುಕ್ಕೆಗೂ ಮೂರು ಬಣ್ಣ, ಬಣ್ಣಕ್ಕೆ 10 ಬಿಟ್, ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಎಂದು ಗುಣಿಸಿದರೆ ಸೆಕೆಂಡಿಗೆ ಸುಮಾರು 6 ಗಿಗಾಬಿಟ್ ಆಗುತ್ತದೆ. ಅದನ್ನು 15 ಮೆಗಾಬಿಟ್‌ಗೆ ಇಳಿಸುವುದೆಂದರೆ ನಾನೂರರಲ್ಲಿ ಒಂದು ಪಾಲು ಇಟ್ಟುಕೊಂಡು ಉಳಿದದ್ದನ್ನು ಎಸೆಯುವುದು. ಹಿಂದಿನ ಚೌಕಟ್ಟಿನಲ್ಲಿ ಇದ್ದದ್ದೇ ಮುಂದಿನದರಲ್ಲೂ ಇದ್ದರೆ ಅದನ್ನು ಮತ್ತೆ ಕಳಿಸುವುದಿಲ್ಲ, ಎಲ್ಲಿಗೆ ಸರಿಯಿತು ಎಂಬುದನ್ನಷ್ಟೇ ಕಳಿಸುತ್ತಾರೆ. ಇಬ್ಬರು ಕೂತು ಮಾತಾಡುವ ದೃಶ್ಯ ಇದರಲ್ಲಿ ಸಲೀಸಾಗಿ ಪಾರಾಗುತ್ತದೆ. ಜನಪ್ರಿಯ ಸಿನಿಮಾದ ಜೀವಾಳವೋ ಸುರಿಮಳೆಯ ಹೊಡೆದಾಟ, ಹಾರುವ ಧೂಳು, ಕಿಡಿ, ಹೊಗೆ, ಕುಣಿಯುವ ನೂರಾರು ಜನ. ಇಲ್ಲಿ ಪ್ರತಿ ಚೌಕಟ್ಟೂ ಹೊಸದು, ಊಹೆಗೆ ಸಿಗುವುದು ಏನೂ ಇಲ್ಲ. ಯಾವ ದೃಶ್ಯಕ್ಕಾಗಿ ಜನ ದೊಡ್ಡ ಟಿವಿ ಕೊಳ್ಳುತ್ತಾರೋ ಆ ದೃಶ್ಯವೇ ಮೊದಲು ಚೌಕ ಚೌಕವಾಗಿ ಒಡೆಯುತ್ತದೆ. ಬ್ಲೂ-ರೇ ಡಿಸ್ಕ್‌ನ ಚಿತ್ರಕ್ಕೆ 40 ಎಂಬಿಪಿಎಸ್‌ವರೆಗೆ ಅವಕಾಶವಿದೆ, 4ಕೆ ಡಿಸ್ಕ್ 100ನ್ನೂ ದಾಟಬಲ್ಲದು, ಡಿಜಿಟಲ್ ಚಿತ್ರಮಂದಿರದ ಮಿತಿ 250. ಹಸಿದ 4ಕೆಗಿಂತ ಹೊಟ್ಟೆ ತುಂಬಿದ 1080ಪಿ ಡಿಸ್ಕ್ ಚೆಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಬರೀ ಕತ್ತಲ ದೃಶ್ಯ ಅಥವಾ ಮಳೆಯ ದೃಶ್ಯ ಮಾತ್ರ ಒಡೆಯುತ್ತಿದೆ, ಉಳಿದದ್ದು ಸರಿಯಿದೆ ಎಂದಾದರೆ ಸೇವಾದಾರರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಅದು ಓಟಿಟಿಯವರು ಒತ್ತಿಟ್ಟ ರೀತಿ.

ಲಕ್ಷಣ ನೋಡಿ ರೋಗ ಹೇಳಬಹುದು. ಚೆನ್ನಾಗಿದ್ದ ಚಿತ್ರ ನಡುವೆ ಮಸುಕಾಗಿ ಮತ್ತೆ ತಿಳಿಯಾದರೆ ವೈಫೈ ಏರಿಳಿಯುತ್ತಿದೆ; ಓಟಿಟಿಯ ಸರ್ವರಿನಲ್ಲಿ ಕೆಲವು ಸೆಕೆಂಡುಗಳ ತುಣುಕುಗಳು ಹಲವು ಗುಣಮಟ್ಟದಲ್ಲಿ ಇರುತ್ತವೆ, ಆ್ಯಪ್ ಆ ಕ್ಷಣಕ್ಕೆ ತಕ್ಕದ್ದನ್ನು ತರಿಸುತ್ತದೆ. ಮೊದಲ ಹತ್ತು ಸೆಕೆಂಡು ಮಸುಕಾಗಿರುವುದು ಸಹಜ. ಉದ್ದಕ್ಕೂ ಮಸುಕಾಗಿಯೇ ಇದ್ದರೆ ಓಟಿಟಿಯ ಚಂದಾ ದರ್ಜೆ, ಇಲ್ಲವೇ ಉಪಕರಣದ ಮಿತಿ. ನಕಲು ತಡೆಯುವ ವೈಡ್‌ವೈನ್ ವ್ಯವಸ್ಥೆಯ ಎಲ್1 (ಅತ್ಯುನ್ನತ ದರ್ಜೆಯ) ಪರವಾನಗಿ ಇಲ್ಲದ, ಟಿವಿಗೆ ಸಿಕ್ಕಿಸುವ ಆಂಡ್ರಾಯ್ಡ್ ಪೆಟ್ಟಿಗೆಗೆ ಹಲವು ಓಟಿಟಿಗಳು ಎಚ್‌ಡಿ ಕೂಡ ಕೊಡುವುದಿಲ್ಲ. ಪೆಟ್ಟಿಗೆಗೂ ಟಿವಿಗೂ ನಡುವೆ ಎಚ್‌ಡಿಸಿಪಿ 2.2 ಎಂಬ ನಕಲು ತಡೆ ಇಲ್ಲದ ಹಳೆಯ ಉಪಕರಣ ಒಂದಿದ್ದರೆ 4ಕೆ ಅಲ್ಲಿಗೇ ನಿಲ್ಲುತ್ತದೆ.

ಕ್ಯಾಮೆರಾ ನಿಧಾನ ಸರಿಯುವಾಗ ಚಿತ್ರ ಕುಲುಕುವುದಕ್ಕೂ ಇಂಟರ್ನೆಟ್‌ಗೂ ಸಂಬಂಧವಿಲ್ಲ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು, ಟಿವಿ 60 ಸಲ ಮಿನುಗುತ್ತದೆ. ಭಾಗಾಕಾರ ಸರಿಹೋಗದ್ದರಿಂದ ಒಂದು ಚೌಕಟ್ಟು ಎರಡು ಮಿನುಗು, ಮುಂದಿನದು ಮೂರು ಮಿನುಗು ನಿಲ್ಲುತ್ತದೆ. ಪೆಟ್ಟಿಗೆಯಲ್ಲಿ ಫ್ರೇಮ್ ರೇಟ್ ಹೊಂದಿಸುವ ಆಯ್ಕೆಯನ್ನು ಚಾಲೂ ಮಾಡಿದರೆ ಸರಿಹೋಗುತ್ತದೆ. ಅದರ ಬದಲು ಚೌಕಟ್ಟುಗಳ ನಡುವೆ ಹೊಸವನ್ನು ತುರುಕುವ ಟಿವಿಯ ‘ಮೋಷನ್ ಸ್ಮೂದಿಂಗ್’ ಹಾಕಿದರೆ ಕೋಟಿಗಟ್ಟಲೆ ಖರ್ಚಿನ ಸಿನಿಮಾ ಸಂಜೆಯ ಧಾರಾವಾಹಿಯಂತೆ ಕಾಣುತ್ತದೆ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಒಂದೇ ಗುಂಡಿಯಲ್ಲಿ ಆ ಕಾಟ ತಪ್ಪುತ್ತದೆ. ಮಾತು ಕೇಳದೆ ಹಿನ್ನೆಲೆ ಸಂಗೀತವೇ ಅಬ್ಬರಿಸುವ ಮನೆಗಳಲ್ಲಿ ಆರು ಸ್ಪೀಕರಿಗೆಂದು ಮಾಡಿದ 5.1 ಧ್ವನಿಯನ್ನು ಎರಡೇ ಸ್ಪೀಕರಿಗೆ ತುರುಕಲಾಗುತ್ತಿರುತ್ತದೆ. ಆಡಿಯೋ ಪಟ್ಟಿಯಲ್ಲಿ ಸ್ಟೀರಿಯೋ ಆರಿಸಿಕೊಳ್ಳಿ.

ಸಂಪಾದಕರಲ್ಲಿ ಎರಡು ಕೋರಿಕೆ. ಓಟಿಟಿ ಸಿನಿಮಾ ವಿಮರ್ಶೆಯ ಕೆಳಗೆ ನಕ್ಷತ್ರಗಳ ಜೊತೆ ಒಂದು ಸಾಲು ಸೇರಿಸಿ: ಯಾವ ರೆಸಲ್ಯೂಷನ್, ಎಚ್‌ಡಿಆರ್ (ಬೆಳಕು-ಕತ್ತಲೆಯ ಹೆಚ್ಚಿನ ಹರವು) ಇದೆಯೇ, ಯಾವ ಭಾಷೆಯ ಧ್ವನಿ 5.1ರಲ್ಲಿದೆ, ಯಾವುದು ಬರೀ ಸ್ಟೀರಿಯೋ, ಚಿತ್ರಮಂದಿರದ ಅಗಲ ಚೌಕಟ್ಟನ್ನು ಹಾಗೇ ಉಳಿಸಿದ್ದಾರೆಯೇ ಅಥವಾ ಅಂಚು ಕತ್ತರಿಸಿದ್ದಾರೆಯೇ. ವಿಮರ್ಶಕರು ಹೇಗೂ ಟಿವಿಯ ಮುಂದೆ ಕೂತಿರುತ್ತಾರೆ, ರಿಮೋಟಿನ ಎರಡು ಗುಂಡಿ ಒತ್ತಿದರೆ ಇದರಲ್ಲಿ ಬಹುಪಾಲು ತಿಳಿಯುತ್ತದೆ. ಇನ್ನು ಇಂಟರ್ನೆಟ್ ಪ್ಲಾನುಗಳ ಹೋಲಿಕೆ ಪಟ್ಟಿ ಪ್ರಕಟಿಸುವಾಗ ಡೌನ್‌ಲೋಡ್ ಅಂಕಿಯ ಪಕ್ಕದಲ್ಲೇ ಅಪ್‌ಲೋಡ್ ಅಂಕಿಯನ್ನೂ, ಡೇಟಾ ಮಿತಿ ಮುಗಿದ ಮೇಲೆ ಉಳಿಯುವ ವೇಗವನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. 300 ಎಂಬ ಅಂಕಿಯ ಹಿಂದೆ ಇರುವೆಗಾತ್ರದಲ್ಲಿ ಅಡಗಿ ಕೂತಿರುವ ‘ವರೆಗೆ’ ಎಂಬ ಪದವನ್ನೂ.

ಇತಿ,
ನಿಮ್ಮ ಪತ್ರಿಕೆಯ ಓದುಗ