ಎರಡು ತಕ್ಕಡಿ

ಹೈಡೆಲ್‌ಬರ್ಗ್, ಜರ್ಮನಿ
ಮಂಗಳವಾರ ರಾತ್ರಿ

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ಪೆರ್ಲದಲ್ಲಿ ಮಳೆ ಬಿಟ್ಟಿತಾ? ಅಡಿಕೆಗೆ ಎರಡನೇ ಸಲದ ಮದ್ದು ಬಿಟ್ಟಾಯ್ತು ಅಂತ ಅಮ್ಮ ಹೇಳಿದಳು.

"ನೀನು ಅಲ್ಲಿ ಕ್ಯಾನ್ಸರಿಗೆ ಮದ್ದು ಹುಡುಕುವುದಾ?" ಅಂತ ನೀವು ಕೇಳಿದ್ದಿರಿ. ಮದ್ದಲ್ಲ ಅಪ್ಪ, ಲೆಕ್ಕ. ಪ್ರೊಟೀನ್ ಮಾಡಿಸುವ ಜೀನ್‌ಗಳೇ ನಮ್ಮಲ್ಲಿ ಸುಮಾರು 20,000 ಇವೆ. ನಾಲಿಗೆಯ ಕೋಶದಲ್ಲೂ ಲಿವರಿನ ಕೋಶದಲ್ಲೂ ಇರುವುದು ಅವೇ. ಆದರೆ ಎಲ್ಲವೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಕೆಲಸಕ್ಕೆ ಇಳಿದ ಜೀನ್ ಆರ್‌ಎನ್‌ಎ ಅನ್ನುವ ಚೀಟಿ ಬರೆದು ಕಳಿಸುತ್ತದೆ. ಗಡ್ಡೆಯ ತುಣುಕಿನಲ್ಲಿ ಯಾವ ಜೀನಿನ ಚೀಟಿ ಎಷ್ಟು, ಪಕ್ಕದ ಒಳ್ಳೆಯ ಮಾಂಸದಲ್ಲಿ ಎಷ್ಟು, ಅದನ್ನು ಎಣಿಸಿ ಹೋಲಿಸುತ್ತೇನೆ. ಸುಮ್ನೆ ಎಣಿಸುವುದಲ್ಲ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಹರ್‌2 ಅನ್ನುವ ಜೀನ್ ವಿಪರೀತ ಜಾಸ್ತಿ ಕೆಲಸ ಮಾಡುತ್ತದೆ. ಅದು ಗೊತ್ತಾದ ಮೇಲೆಯೇ ಅದಕ್ಕೆ ತಕ್ಕ ಮದ್ದು ಬಂತು, 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು.

ಹೋದ ತಿಂಗಳು ಒಂದು ಪೆದ್ದುತನ ಮಾಡಿದೆ. ಗಡ್ಡೆಯ ಸ್ಯಾಂಪಲ್ ಎಲ್ಲ ಒಂದು ವಾರ ಮಾಡಿದೆ, ಒಳ್ಳೆಯದೆಲ್ಲ ಮುಂದಿನ ವಾರ, ಅದೂ ಬೇರೆ ಕಿಟ್‌ನಲ್ಲಿ. ಕಂಪ್ಯೂಟರಿನಲ್ಲಿ ಎರಡು ಗುಂಪು ಚಂದಕ್ಕೆ ಬೇರೆಬೇರೆ ಬಿದ್ದವು. ಎರಡು ದಿನ ಹಿಗ್ಗಿದ್ದೇ ಹಿಗ್ಗಿದ್ದು. ಪಕ್ಕದ ಮೇಜಿನ ಹುಡುಗಿ ನೋಡಿ, "ಇದು ಕಾಯಿಲೆಯ ವ್ಯತ್ಯಾಸವಾ, ವಾರದ್ದಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಅಡಿಕೆಯನ್ನು ಮನೆಯ ತಕ್ಕಡಿಯಲ್ಲಿ, ಆಚೆ ತೋಟದ್ದನ್ನು ವ್ಯಾಪಾರಿಯ ತಕ್ಕಡಿಯಲ್ಲಿ ತೂಗಿ, ಯಾರ ಬೆಳೆ ಜಾಸ್ತಿ ಅಂತ ಹೇಳಿದ ಹಾಗಾಯ್ತು, ಅಲ್ವಾ? ಆಮೇಲೆ ಎಷ್ಟು ಗುಣಿಸಿ ಭಾಗಿಸಿದರೂ ಅದು ಸರಿಯಾಗುವುದಿಲ್ಲ. ಪುಣ್ಯಕ್ಕೆ ಫ್ರೀಜರಿನಲ್ಲಿ, ಸೊನ್ನೆಗಿಂತ 80 ಡಿಗ್ರಿ ಕೆಳಗೆ, ತುಣುಕುಗಳು ಉಳಿದಿದ್ದವು. ಈಗ ಪ್ರತಿ ಸಲವೂ ಗಡ್ಡೆಯದ್ದು, ಒಳ್ಳೆಯದ್ದು ಎರಡನ್ನೂ ಒಂದೇ ಕಿಟ್‌ನಲ್ಲಿ ಜೊತೆಜೊತೆಗೆ ಇಟ್ಟು ಮೊದಲಿನಿಂದ ಮಾಡುತ್ತಿದ್ದೇನೆ.

ಇವೆಲ್ಲ ಬಾಯಿ ಕ್ಯಾನ್ಸರಿನ ಸ್ಯಾಂಪಲ್. ಇಷ್ಟು ದಿನ ನಿಮಗೆ ಹೇಳಿರಲಿಲ್ಲ. ಅಡಿಕೆಯ ದುಡ್ಡಿನಲ್ಲೇ ಓದಿದವನು ನಾನು. ತಂಬಾಕು ಹಾಕದ ಎಲೆಯಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲೇ ಬರೆದಿದೆ. ನಿಮಗೆ ಸಿಟ್ಟು ಬರುತ್ತದೆ, ಗೊತ್ತು. ತೋಟ ಕಡಿಯಿರಿ ಅನ್ನುತ್ತಿಲ್ಲ.

ಮಾವನ ವಿಷಯಕ್ಕೆ ಬರೆಯುತ್ತಿದ್ದೇನೆ. ಹೋದ ಸಲ ಊಟಕ್ಕೆ ಕೂತಾಗ ನೋಡಿದೆ. ಸಾರಿನ ಖಾರ ತಾಗಿದರೆ ಮುಖ ಹಿಂಡುತ್ತಾರೆ, ತುತ್ತು ಸಣ್ಣ ಮಾಡುತ್ತಾರೆ, ಬಾಯಿ ಎರಡು ಬೆರಳಿಗಿಂತ ಜಾಸ್ತಿ ತೆರೆಯುವುದಿಲ್ಲ. ಅಡಿಕೆ ಜಗಿದು ಜಗಿದು ಬಾಯಿಯ ಒಳಚರ್ಮ ಬಿಗಿದರೆ ಹೀಗಾಗುತ್ತದೆ. ಮುಂದೆ ಅದು ಕ್ಯಾನ್ಸರ್ ಆಗಲೂಬಹುದು. ನನ್ನ ಮಾತು ಅವರು ಕೇಳುವುದಿಲ್ಲ, ಭಾವ ಅಂತ ನೀವು ಹೇಳಿದರೆ ಕೇಳುತ್ತಾರೆ. ಮಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿ. ಚೌತಿ ಕಳೆಯಲಿ ಅಂತಾರೆ, ಬಿಡಬೇಡಿ. ಡಾಕ್ಟ್ರು ಏನು ಹೇಳಿದರು ಅಂತ ಆವತ್ತೇ ಫೋನ್ ಮಾಡಿ, ಲ್ಯಾಬಿನಲ್ಲಿದ್ದರೂ ಎತ್ತುತ್ತೇನೆ.

ಇತಿ
ನಿಮ್ಮ ಮಗ